ಗಾಳಿಯನ್ನೂ ಅಳೆಯಬೇಕು

ಮುಂಜಾನೆ ಅಂಗಳ ಗುಡಿಸಿ, ತರಗೆಲೆ ರಾಶಿಗೆ ಬೆಂಕಿಯಿಡುವುದು ನಮ್ಮಲ್ಲಿ ಹಳೆಯ ರೂಢಿ. ಹೊಗೆ ಮೇಲೇರಿ ಮರೆಯಾದೊಡನೆ ಅಂಗಳ ಶುಚಿಯಾಯಿತೆಂದು ಭಾವಿಸುತ್ತೇವೆ. ಆದರೆ ಕಣ್ಣಿಗೆ ಮರೆಯಾದುದು ಗಾಳಿಯಲ್ಲಿ ಉಳಿದಿರುತ್ತದೆ. ನೀರನ್ನು ಸೋಸಿ ಕುಡಿಯುವ ನಾವು ಉಸಿರನ್ನು ಸೋಸಲಾರೆವು. ಆದುದರಿಂದ ಗಾಳಿಯನ್ನು ಅಳೆದು ತಿಳಿಯುವುದು ಅವಶ್ಯ.

ಅಳತೆಯ ಯಂತ್ರವೊಂದು ಗಾಳಿಯನ್ನು ಎಳೆದು ಶೋಧಕ ಕಾಗದದ ಮೂಲಕ ಹಾಯಿಸುತ್ತದೆ. ಕಾಗದವನ್ನು ಮೊದಲೂ ಅನಂತರವೂ ತೂಗಿದರೆ ಧೂಳಿನ ಪ್ರಮಾಣ ತಿಳಿಯುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಇವು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂದು 2009ರಲ್ಲಿ ರಾಷ್ಟ್ರೀಯ ಮಿತಿ ನಿಗದಿಯಾಯಿತು.

ಕಾಗದಕ್ಕಂಟಿದ ಧೂಳಿನ ರಾಸಾಯನಿಕ ಪರೀಕ್ಷೆಯಿಂದ ಮೂಲದ ಸುಳಿವೂ ದೊರೆಯುತ್ತದೆ. ಸಿಲಿಕಾನ್ ಹೆಚ್ಚಿದ್ದರೆ ಮಣ್ಣಿನ ಧೂಳು. ಮಸಿಯ ಇಂಗಾಲ ಹೆಚ್ಚಿದ್ದರೆ ಡೀಸೆಲ್ಲಿನಂಥ ಇಂಧನಗಳ ಹೊಗೆ. ಪೊಟ್ಯಾಸಿಯಂ ಹೆಚ್ಚಿದ್ದರೆ ಬಹುಶಃ ಸೌದೆ, ತರಗೆಲೆಗಳ ಬೆಂಕಿ. ರೋಗದ ಮೂಲ ತಿಳಿದ ಮೇಲೆಯೇ ಮದ್ದು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮಕ್ಕೆ ನಮ್ಮ ನಾಡಿನಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ನಗರಗಳನ್ನು ಸೇರಿಸಲಾಯಿತು. ಯಂತ್ರವು ದೋಷವನ್ನು ತೋರಿಸೀತು, ತಿದ್ದಿಕೊಳ್ಳಬೇಕಾದವರು ನಾವು. ತರಗೆಲೆ ಗುಂಡಿಗೆ ಬಿದ್ದರೆ ಗೊಬ್ಬರ, ಬೆಂಕಿಗೆ ಬಿದ್ದರೆ ನೆರೆಮನೆಯ ಕೂಸಿನ ಕೆಮ್ಮು. ನಾಳೆ ಮುಂಜಾನೆ ಕಡ್ಡಿ ಗೀರುವ ಮುನ್ನ ಇಷ್ಟನ್ನು ನೆನೆಯೋಣ.