ಬಾವಿಯ ಗಡಗಡಿಯಿಂದ ಅಣೆಕಟ್ಟಿನ ಬಾಗಿಲವರೆಗೆ

ಕಳೆದ ಬೇಸಿಗೆಯಲ್ಲಿ ಅರಭಾವಿಗೆ ಹೋಗುವ ಸಂದರ್ಭ ನಮಗೆ ಒದಗಿತು. ದುರದುಂಡೀಶ್ವರ ಮಠದ ದರ್ಶನ ಮುಗಿಸಿಕೊಂಡು ಪರಿಚಿತ ಭಕ್ತರೊಬ್ಬರ ತೋಟದ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ಬೇಲಿಯ ಕಡೆಯಿಂದ ‘ಟಕ್, ಟಕ್, ಟಕ್’ ಎಂಬ ಸದ್ದು ಬಿಡದೆ ಕೇಳಿಬರುತ್ತಿತ್ತು. ಮನೆಯ ಹಿರಿಯ ಮಗ ಕಲ್ಲುಕಂಬಗಳ ನಡುವೆ ತಂತಿ ಎಳೆದು, ಕೈಯಳತೆಯ ಒಂದು ಯಂತ್ರದಿಂದ ಅದನ್ನು ಬಿಗಿಯುತ್ತಿದ್ದನು. ನಮ್ಮ ಮಾತುಕತೆಗೆ ಅಡ್ಡಿಯಾಯಿತೆಂದು ಅವನಿಗೆ ಅನಿಸಿರಬೇಕು. “ಅಜ್ಜಾರ, ಇದರ ಸಪ್ಪಳಕ್ಕ ತಲಿ ಚಿಟ್ಟ ಹಿಡೀತೈತ್ರಿ. ನಾಲಿಗಿಗೆ ಒಂದಿಷ್ಟು ಅರಿವಿ ಸುತ್ತಿಬಿಡ್ಲೇನ್ರಿ?” ಎಂದು ವಿನಯದಿಂದಲೇ ಕೇಳಿದನು. ಬೇಡವೆಂದು ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳಿಬಿಟ್ಟೆವು. ಎಲ್ಲರೂ ನಮ್ಮ ಮುಖ ನೋಡಿದರು. ಅಂದು ಪಂಕ್ತಿಯಲ್ಲಿ ವಿವರಿಸಿ ಹೇಳುವುದಾಗಲಿಲ್ಲ. ಆ ಮಾತನ್ನು ಇಲ್ಲಿ ನಮ್ಮ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಹಗ್ಗವನ್ನೋ ತಂತಿಯನ್ನೋ ಸುತ್ತಿ ಬಿಗಿಯುವ ಈ ಯಂತ್ರದ ಸ್ವರೂಪ ಬಹು ಸರಳವಾದುದು. ಅಡ್ಡಲಾಗಿ ಕೂರಿಸಿದ ಒಂದು ಉರುಳೆ, ಅದರ ತುದಿಗೊಂದು ಹಿಡಿಕೆ. ಹಿಡಿಕೆಯನ್ನು ತಿರುಗಿಸಿದಂತೆ ಹಗ್ಗವು ಉರುಳೆಗೆ ಸುತ್ತಿಕೊಳ್ಳುತ್ತದೆ, ಹೊರೆ ಮೇಲೇರುತ್ತದೆ. ಉರುಳೆಯ ತ್ರಿಜ್ಯ 10 ಸೆಂಟಿಮೀಟರ್, ಹಿಡಿಕೆಯ ತೋಳು 40 ಸೆಂಟಿಮೀಟರ್ ಇದ್ದರೆ ನಾಲ್ಕು ಪಟ್ಟು ಅನುಕೂಲ. ಅಂದರೆ 25 ಕಿಲೋದಷ್ಟು ಬಲ ಹಾಕಿದವನು 100 ಕಿಲೋ ಹೊರೆಯನ್ನು ಎತ್ತಬಲ್ಲನು. ಅದರಲ್ಲಿ ಘರ್ಷಣೆಗೆ ಹೋಗುವ ಪಾಲು ಬೇರೆ. ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಹೊರೆ ಒಂದು ಮಾರು ಏರಬೇಕಾದರೆ ಕೈ ನಾಲ್ಕು ಮಾರು ತಿರುಗಬೇಕು. ಹಗ್ಗ ಪದರದ ಮೇಲೆ ಪದರವಾಗಿ ಸುತ್ತಿಕೊಂಡಾಗ ಉರುಳೆ ದಪ್ಪವಾಗುತ್ತ ಹೋಗುವುದರಿಂದ, ಮೇಲಕ್ಕೆ ಬಂದಂತೆ ಹೊರೆ ಇನ್ನಷ್ಟು ಭಾರವೆನಿಸುವುದೂ ಉಂಟು. ಬಾವಿಯ ಬಾಯಿಗೆ ಬಂದಾಗಲೇ ತೋಳು ಸೋಲುವುದೇಕೆಂದು ಹಿಂದಿನವರು ಕೇಳುತ್ತಿದ್ದ ಪ್ರಶ್ನೆಗೆ ಉತ್ತರದ ಒಂದು ಅಂಶ ಇಲ್ಲಿದೆ.

ಇಷ್ಟರಿಂದ ಯಂತ್ರ ಪೂರ್ಣವಾಗಲಿಲ್ಲ. ಎತ್ತಿದ ಹೊರೆ ಹಿಂದಕ್ಕೆ ಜಾರಬಾರದು. ಅದಕ್ಕಾಗಿ ಉರುಳೆಯ ಪಕ್ಕದಲ್ಲಿ ಓರೆಹಲ್ಲುಗಳ ಒಂದು ಚಕ್ರ, ಆ ಹಲ್ಲುಗಳ ಮೇಲೆ ಬೀಳುವ ಒಂದು ಕಬ್ಬಿಣದ ನಾಲಗೆ. ಮುಂದಕ್ಕೆ ತಿರುಗಿಸುವಾಗ ನಾಲಗೆ ಹಲ್ಲಿನಿಂದ ಹಲ್ಲಿಗೆ ಜಿಗಿಯುತ್ತದೆ, ಹಿಂದಕ್ಕೆ ತಿರುಗಲೆಳಸಿದರೆ ಹಲ್ಲಿಗೆ ಒತ್ತಿ ನಿಲ್ಲುತ್ತದೆ. ಆ ತರುಣನಿಗೆ ಬೇಸರ ತರಿಸಿದ ಸದ್ದು ಈ ಜಿಗಿತದ್ದೇ. ಸದ್ದು ಕೇಳುತ್ತಿರುವವರೆಗೆ ನಾಲಗೆ ಹಲ್ಲಿನಲ್ಲಿ ಬೀಳುತ್ತಿದೆ ಎಂಬುದು ಕೆಲಸಗಾರನಿಗೆ ನೋಡದೆಯೇ ತಿಳಿಯುತ್ತದೆ.

ಇಲ್ಲಿ ಒಂದು ಶಬ್ದವಿಚಾರವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಮಠದ ಪಾಠಶಾಲೆಯಲ್ಲಿ ನಮಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದ್ದರು. ಬಾವಿಯಿಂದ ನೀರೆತ್ತುವ ಸಾಧನಕ್ಕೆ ಅಮರಸಿಂಹನು ಕೊಡುವ ಹೆಸರು ಘಟೀಯಂತ್ರ. ಅದಕ್ಕೆ ಆತ ಹೇಳುವ ಇನ್ನೊಂದು ಪರ್ಯಾಯಪದ ಯಾವುದು ಬಲ್ಲಿರಾ? ಉದ್ಘಾಟನ! ಇಂದು ನಾವು ದೀಪ ಬೆಳಗಿಸಿ, ಪಟ್ಟಿ ಕತ್ತರಿಸಿ, ಹಾರ ಹಾಕಿಸಿಕೊಂಡು ಮಾಡುವ ಸಮಾರಂಭದ ಹೆಸರು ಒಂದು ಕಾಲದಲ್ಲಿ ಬಾವಿಯ ಕಟ್ಟೆಯ ಮೇಲಿನ ಸಾಧನದ ಹೆಸರೂ ಆಗಿತ್ತು. ಉದ್ಘಾಟನೆಗೆಂದು ನಮ್ಮನ್ನು ಕರೆದಾಗಲೆಲ್ಲ ಇದು ನೆನಪಾಗಿ ಒಳಗೊಳಗೇ ನಗು ಬರುತ್ತದೆ.

ಗೋಕಾಕ ಸೀಮೆಯಲ್ಲಿ ಈ ಸಾಧನದ ಬಡ ರೂಪ ಗಡಗಡಿ. ಅದಕ್ಕೆ ಉರುಳೆಯೂ ಇಲ್ಲ, ನಾಲಗೆಯೂ ಇಲ್ಲ, ಗಾಲಿ ಮಾತ್ರ. ಹಗ್ಗದ ದಿಕ್ಕನ್ನು ಬದಲಿಸುವುದಷ್ಟೇ ಅದರ ಕೆಲಸ. ಅದಕ್ಕಿಂತ ದೊಡ್ಡದು ಕಪಿಲೆ. ತೊಗಲಿನ ದೊಡ್ಡ ಚೀಲಕ್ಕೆ ಎರಡು ಹಗ್ಗ. ದಪ್ಪನಾದ ಮಿಣಿ ಮೇಲಿನ ಗಾಲಿಯ ಮೇಲೆ ಹಾಯುತ್ತದೆ, ತೆಳುವಾದ ಹಗ್ಗ ಬಾವಿಯ ಅಂಚಿನ ಉರುಳೆಯ ಮೇಲೆ ಹಾಯ್ದು ಚೀಲದ ಬಾಲವನ್ನು ಹಿಡಿದಿರುತ್ತದೆ. ಎತ್ತುಗಳು ಇಳಿಜಾರಿನಲ್ಲಿ ಸಾಗಿದಾಗ ಚೀಲ ಏರಿ, ಬಾಲ ತಾನಾಗಿ ಬಿಚ್ಚಿಕೊಂಡು ನೀರು ಕಾಲುವೆಗೆ ಸುರಿಯುತ್ತದೆ. ಹೊಡೆಯುವವನು ಮಿಣಿಯ ಮೇಲೆಯೇ ಕುಳಿತು ತನ್ನ ಭಾರವನ್ನೂ ಸೇರಿಸುತ್ತಿದ್ದನು. ವಿದ್ಯುತ್ ಪಂಪು ಬಂದ ಮೇಲೆ ಕಪಿಲೆ ಮರೆಯಾಯಿತು. ನಮ್ಮ ಬಾಲ್ಯದಲ್ಲಿ ಅದು ಅಲ್ಲಲ್ಲಿ ಇನ್ನೂ ನಡೆಯುತ್ತಿತ್ತು.

ಹಗ್ಗದ ಮಾತು ಬಂದಾಗ ನುಲಿಯ ಚಂದಯ್ಯನನ್ನು ನೆನೆಯದಿರುವುದು ಹೇಗೆ? ಕೆರೆಯ ಬದಿಯ ಹುಲ್ಲು ಕೊಯ್ದು, ಹುರಿ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸಿದ ಶರಣನಾತ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿದ್ದರೂ ಕಾಯಕವನ್ನು ಬಿಡದೆ ನಡೆದನೆಂಬ ಕಥೆಯನ್ನು ನಮ್ಮ ಮನೆಗಳ ಮಕ್ಕಳೆಲ್ಲ ಬಲ್ಲರು. ಶೂನ್ಯಸಂಪಾದನೆಯಲ್ಲಿ ಆತನ ಪ್ರಸಂಗಕ್ಕೆ ಪ್ರತ್ಯೇಕ ಸ್ಥಾನವಿದೆ. ನಾವು ಇಲ್ಲಿ ಗಮನಿಸಬಯಸುವುದು ಆತನ ಕೈಕೆಲಸವನ್ನು. ಒಂದು ಹುಲ್ಲೆಳೆ ಕೂಸಿನ ಕೈಯಲ್ಲೂ ಕಡಿಯುತ್ತದೆ. ಎಳೆಗಳನ್ನು ಒಂದು ದಿಕ್ಕಿಗೆ ಹೊಸೆದು, ಹಾಗೆ ಹೊಸೆದ ಹುರಿಗಳನ್ನು ಎದುರು ದಿಕ್ಕಿಗೆ ಹೆಣೆದಾಗ, ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯಾಗುತ್ತದೆ. ಎಳೆ ಎಳೆಯನ್ನು ಒತ್ತಿ ಹಿಡಿಯುವ ಘರ್ಷಣೆಯೇ ಹಗ್ಗದ ಪ್ರಾಣ. ಪುಂಡಿನಾರಿನ ಹಗ್ಗಕ್ಕೂ ಉಕ್ಕಿನ ತಂತಿಹಗ್ಗಕ್ಕೂ ಈ ತತ್ತ್ವ ಒಂದೇ.

ಇದೇ ಘರ್ಷಣೆಯ ಇನ್ನೊಂದು ಚಮತ್ಕಾರವನ್ನು ಜಾತ್ರೆಗಳಲ್ಲಿ ಕಂಡಿದ್ದೇವೆ. ತೇರಿನ ಭಾರವಾದ ಬಿಡಿಭಾಗಗಳನ್ನು ಕೆಳಗಿಳಿಸುವಾಗ ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಹಾಕಿ, ತುದಿಯನ್ನು ಒಬ್ಬ ಮುದುಕ ಹಿಡಿದು ನಿಂತಿರುತ್ತಾನೆ. ಹತ್ತು ಜಟ್ಟಿಗಳು ತಡೆಯಲಾರದ್ದನ್ನು ಆತ ಎರಡು ಬೆರಳಿನಿಂದ ತಡೆಯುತ್ತಾನೆ. 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಇದರ ಲೆಕ್ಕವನ್ನು ಬಿಡಿಸಿದನು. ಘರ್ಷಣಾಂಕ 0.3 ಇರುವ ಕಂಬಕ್ಕೆ ಒಂದು ಸುತ್ತು ಹಾಕಿದರೆ ಹಿಡಿತ ಸುಮಾರು ಆರೂವರೆ ಪಟ್ಟು, ಎರಡು ಸುತ್ತಿಗೆ ಸುಮಾರು 43 ಪಟ್ಟು, ಮೂರು ಸುತ್ತಿಗೆ ಸುಮಾರು 285 ಪಟ್ಟು. ಪ್ರತಿಯೊಂದು ಸುತ್ತೂ ಹಿಂದಿನದನ್ನು ಗುಣಿಸುತ್ತದೆ, ಕೂಡಿಸುವುದಲ್ಲ. ಆ ಮುದುಕನಿಗೆ ಆಯ್ಲರನ ಹೆಸರು ತಿಳಿಯದು. ಆದರೆ ಸುತ್ತು ಮೂರಕ್ಕಿಂತ ಕಡಿಮೆಯಾಗಬಾರದೆಂಬುದು ಚೆನ್ನಾಗಿ ತಿಳಿದಿತ್ತು.

ಈಗ ಅರಿವೆ ಸುತ್ತಬೇಡವೆಂದುದಕ್ಕೆ ಬರೋಣ.

1972ರ ಬರಗಾಲ. ನಮಗೆ ಆಗ ಹದಿಮೂರು ವರ್ಷ. ನಾವು ಓದುತ್ತಿದ್ದ ಮಠದ ಬಾವಿಯ ತಳ ಕಂಡಿತ್ತು. ಅದನ್ನು ಇನ್ನಷ್ಟು ಆಳ ಮಾಡಿಸಲು ಕೆಲಸಗಾರರನ್ನು ಕರೆಸಿ, ಬಾವಿಯ ಬಾಯಿಗೆ ಕೈಯಿಂದ ತಿರುಗಿಸುವ ಯಾರಿಯನ್ನು ಹೂಡಿದ್ದರು. ಇಬ್ಬರು ಹಿಡಿಕೆ ತಿರುಗಿಸುವರು, ಕೆಳಗೆ ಇಬ್ಬರು ಕಲ್ಲು ಮಣ್ಣು ತುಂಬುವರು. ಪಾಠಶಾಲೆಯ ಜಗುಲಿ ಅಲ್ಲಿಂದ ಮೂವತ್ತು ಹೆಜ್ಜೆ. ಬೆಳಗಿನಿಂದ ಸಂಜೆಯವರೆಗೆ ಆ ‘ಟಕ್ ಟಕ್’ ಸದ್ದಿನಲ್ಲಿ ನಮಗೆ ಸೂತ್ರಗಳು ಬಾಯಿಗೆ ಹತ್ತುತ್ತಿರಲಿಲ್ಲ, ಒಪ್ಪಿಸುವಾಗ ತಪ್ಪಿ ಏಟು ತಿನ್ನುತ್ತಿದ್ದೆವು. ಒಂದು ಮಧ್ಯಾಹ್ನ ಕೆಲಸಗಾರರು ಬುತ್ತಿ ಬಿಚ್ಚಿದ್ದಾಗ ಆ ನಾಲಗೆಗೆ ಹಳೆಯ ಅರಿವೆಯ ತುಂಡೊಂದನ್ನು ಸುತ್ತಿ ದಾರದಿಂದ ಕಟ್ಟಿದೆವು. ನಾವು ಎಂದು ಬರೆದೆವಲ್ಲ, ಇಲ್ಲಿ ಅದು ಬಹುವಚನವಲ್ಲ. ಜೊತೆಗೆ ಬೇರೆ ಹುಡುಗರಿದ್ದರೂ ಕಟ್ಟಿದ ಕೈ ನಮ್ಮದು.

ಊಟವಾದ ಮೇಲೆ ಕೆಲಸ ಮುಂದುವರಿಯಿತು. ಸದ್ದು ತಗ್ಗಿದ್ದನ್ನು ಮೊದಲಿಗೆ ಯಾರೂ ಗಮನಿಸಲಿಲ್ಲ. ನಾಲ್ಕನೆಯದೋ ಐದನೆಯದೋ ಬುಟ್ಟಿ ಅರ್ಧಕ್ಕೆ ಬಂದಾಗ ತಿರುಗಿಸುವವನೊಬ್ಬ ಬೆವರು ಒರೆಸಿಕೊಳ್ಳಲೆಂದು ಕೈ ಬಿಟ್ಟನು. ನಾಲಗೆ ಹಲ್ಲಿನ ಆಳಕ್ಕೆ ಇಳಿಯಲಿಲ್ಲ, ಅರಿವೆಯ ಮೇಲೆ ಜಾರಿತು. ಹೊರೆ ಕೆಳಗೆ ಧಾವಿಸಿತು, ಹಿಡಿಕೆ ಹಿಂದಕ್ಕೆ ಗಿರ್ರನೆ ತಿರುಗಿತು. ಮೇಲೆ ಹೇಳಿದ ಲೆಕ್ಕವನ್ನು ಇಲ್ಲಿ ತಿರುವಿ ನೋಡಬೇಕು: ನಾಲ್ಕು ಪಟ್ಟು ಬಲ ಕೊಡುವ ಯಂತ್ರ ಹಿಂದೆ ತಿರುಗುವಾಗ ನಾಲ್ಕು ಪಟ್ಟು ವೇಗ ಕೊಡುತ್ತದೆ. ಹೊರೆ ಸೆಕೆಂಡಿಗೆ 3 ಮೀಟರ್ ಬಿದ್ದರೆ ಹಿಡಿಕೆ 12 ಮೀಟರ್ ವೇಗದಲ್ಲಿ ಹೊಡೆಯುತ್ತದೆ. ಹಿಡಿಕೆಯನ್ನು ತಡೆಯಹೋದ ಇನ್ನೊಬ್ಬನ ಮುಂಗೈ ಎರಡು ಕಡೆ ಮುರಿಯಿತು. ಕೆಳಗಿದ್ದವರು ಬುಟ್ಟಿ ಏರುವಾಗ ಗೋಡೆಯ ಪೊಟರೆಗೆ ಸರಿದು ನಿಲ್ಲುವ ಅಭ್ಯಾಸದವರಾದ್ದರಿಂದ ಬದುಕಿದರು.

ಹಿರಿಯ ಗುರುಗಳು ಅರಿವೆಯ ತುಂಡನ್ನು ಕೈಯಲ್ಲಿ ಹಿಡಿದು ಪಾಠಶಾಲೆಗೆ ಬಂದರು. ನಾವು ಎದ್ದು ನಿಂತೆವು. ಅವರು ಹೊಡೆಯಲಿಲ್ಲ. ಆ ಕೆಲಸಗಾರನ ಕೈ ಕೂಡುವವರೆಗೆ ಅವನ ಮನೆಗೆ ದಿನವೂ ಮಠದಿಂದ ಬುತ್ತಿ ಹೊತ್ತುಕೊಂಡು ಹೋಗುವ ಕೆಲಸವನ್ನು ನಮಗೆ ವಹಿಸಿದರು. ಮೂರು ತಿಂಗಳು ಹೋದೆವು. ಮುಂಗೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಆತ ಮತ್ತೆ ಯಾರಿಯ ಹಿಡಿಕೆ ಹಿಡಿಯಲಿಲ್ಲ, ದನ ಕಾಯುತ್ತ ಬದುಕಿದನು. ನಮ್ಮನ್ನು ಕಂಡಾಗ ಒಂದು ದಿನವೂ ಕಟುವಾದ ಮಾತನ್ನಾಡಲಿಲ್ಲ. ಅದನ್ನು ಸಹಿಸುವುದು ಬೈಗುಳವನ್ನು ಸಹಿಸುವುದಕ್ಕಿಂತ ಕಷ್ಟವಾಗಿತ್ತು.

ಅರಭಾವಿಯ ಸುತ್ತಿನವರಿಗೆ ಈ ಯಂತ್ರದ ವಿಚಾರ ತೋಟದ ಬೇಲಿಗೇ ಮುಗಿಯುವುದಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ, ವಂಟಮುರಿಯ ದಾನಿ ರಾಜಾ ಲಖಮಗೌಡರ ಹೆಸರು ಹೊತ್ತ ಜಲಾಶಯ ಘಟಪ್ರಭೆಯನ್ನು ಹಿಡಿದು ನಿಲ್ಲಿಸಿದೆ. ಅಣೆಕಟ್ಟಿನ ಎತ್ತರ 62 ಮೀಟರಿಗೂ ಮಿಕ್ಕಿದ್ದು, ಬಾಗಿಲುಗಳು ಹತ್ತು, ಸಂಗ್ರಹ ಸುಮಾರು 51 ಟಿಎಂಸಿ ಅಡಿ. ಅದರ ಕೆಳಗೆ ಧೂಪದಾಳದ ಒಡ್ಡು, ಗೋಕಾಕದ 52 ಮೀಟರಿನ ಜಲಪಾತ, ಅಲ್ಲಿ 1887ರಷ್ಟು ಹಿಂದೆಯೇ ನಡೆಯತೊಡಗಿದ ನೂಲಿನ ಗಿರಣಿ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ಆಮೇಲೆ ಊರುಗಳು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳೂ ಲೋಳಸೂರಿನ ಸೇತುವೆಯೂ ಮುಳುಗಿದ್ದನ್ನು ಈ ಭಾಗದವರು ಮರೆತಿಲ್ಲ. ಅಣೆಕಟ್ಟಿನ ಬಾಗಿಲನ್ನು ಎಷ್ಟು ಹೊತ್ತಿಗೆ, ಎಷ್ಟು ಎತ್ತಬೇಕೆಂಬುದು ಅಧಿಕಾರಿಗಳ ನಿರ್ಣಯ. ಎತ್ತುವುದು ಮಾತ್ರ ಉರುಳೆಯ ಕೆಲಸ. ಜಗತ್ತಿನ ಅನೇಕ ಅಣೆಕಟ್ಟುಗಳಲ್ಲಿ ಹತ್ತಾರು ಟನ್ ತೂಕದ ಬಾಗಿಲುಗಳನ್ನು ಎತ್ತಿಳಿಸುವ ಸಾಧನವೆಂದರೆ ನಮ್ಮ ಬಾವಿಯ ಯಾರಿಯ ಹಿರಿಯಣ್ಣನೇ. ಹಿಡಿಕೆಯ ಜಾಗದಲ್ಲಿ ವಿದ್ಯುತ್ ಮೋಟಾರು, ಹುರಿಯ ಜಾಗದಲ್ಲಿ ತಂತಿಹಗ್ಗ ಅಥವಾ ಸರಪಳಿ.

ಸರಪಳಿಯೋ ತಂತಿಹಗ್ಗವೋ ಎಂಬುದು ಹಳೆಯ ಪ್ರಶ್ನೆ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿ ಸರಪಳಿಗಳು ಮುನ್ಸೂಚನೆಯಿಲ್ಲದೆ ಕಡಿದು ಅನಾಹುತವಾಗುತ್ತಿದ್ದುದನ್ನು ಕಂಡು, ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ 1834ರಲ್ಲಿ ಕಬ್ಬಿಣದ ತಂತಿಗಳನ್ನೇ ಹೊಸೆದು ಹಗ್ಗ ಮಾಡಿಸಿದನು. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋದಂತೆ. ತಂತಿಹಗ್ಗದಲ್ಲಿ ಹತ್ತು ತಂತಿ ಮುಳ್ಳಿನಂತೆ ಹೊರಚಾಚಿದರೂ ಉಳಿದವು ಹೊರೆ ಹೊತ್ತಿರುತ್ತವೆ, ನೋಡುವ ಕಣ್ಣಿಗೆ ಎಚ್ಚರಿಕೆ ಕೊಡುತ್ತವೆ. ನಮ್ಮ ನಾಡಿನಲ್ಲಿಯೇ ಇದರ ಅರ್ಥ ಮನದಟ್ಟಾಗುವ ಪ್ರಸಂಗ ನಡೆಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಳಿಯ ಕೊಂಡಿ ಕಡಿದು, ಬಾಗಿಲು ತುಂಬಿದ ಜಲಾಶಯದ ನೀರಿನೊಡನೆ ಕೊಚ್ಚಿಹೋಯಿತು. ಅಣೆಕಟ್ಟು 1953ರದ್ದು, ಬಾಗಿಲುಗಳು 33. ಒತ್ತಡ ತಗ್ಗಿಸಲು ಉಳಿದ ಬಾಗಿಲುಗಳಿಂದಲೂ ನೀರು ಬಿಡಬೇಕಾಯಿತು. ಎರಡು ಬೆಳೆಗೆಂದು ಕೂಡಿಟ್ಟ ನೀರು ರೈತರ ಕಣ್ಣೆದುರೇ ನದಿಗೆ ಹರಿಯಿತು. ವಯೋವೃದ್ಧ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಧುಮ್ಮಿಕ್ಕುತ್ತಿರುವಾಗಲೇ ಕ್ರೇನುಗಳಿಂದ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ ಸುಮಾರು ಒಂದು ವಾರದಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಒಂದು ಕೊಂಡಿಯ ಕೆಲಸವನ್ನು ಮಾಡಲು ಎಷ್ಟು ಜನರ ಕಾಯಕ ಬೇಕಾಯಿತು!

ಮನೆವಾರ್ತೆಗೆ ಬೇಕಾದ ಒಂದೆರಡು ಮಾತುಗಳೂ ಇವೆ. ಈಗ ತೋಟಗಾರಿಕೆ ಹೆಚ್ಚಿದೆ. ಅರಭಾವಿಯಲ್ಲಿಯೇ ಕಿತ್ತೂರ ರಾಣಿ ಚೆನ್ನಮ್ಮನ ಹೆಸರಿನ ತೋಟಗಾರಿಕೆ ಮಹಾವಿದ್ಯಾಲಯವಿದೆ. ದ್ರಾಕ್ಷಿಯ ಚಪ್ಪರಕ್ಕೆ, ಹಬ್ಬುವ ತರಕಾರಿಗೆ, ಬೇಲಿಗೆ ತಂತಿ ಬಿಗಿಯುವುದು ಮನೆಮನೆಯ ಕೆಲಸವಾಗಿದೆ. ಬಿಗಿದ ತಂತಿ ಎಳೆದ ಬಿಲ್ಲಿನಂತೆ, ಅದರೊಳಗೆ ಶಕ್ತಿ ಕೂಡಿರುತ್ತದೆ. ಕಡಿದರೆ ತಾನಿದ್ದ ಗೆರೆಯಲ್ಲಿಯೇ ಹಾವಿನಂತೆ ಹಿಂದಕ್ಕೆ ಬೀಸುತ್ತದೆ. ಆದ್ದರಿಂದ ತಂತಿಯ ನೇರದಲ್ಲಿ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು, ಮಕ್ಕಳನ್ನು ದೂರವಿಡಬೇಕು, ಕಣ್ಣಿಗೆ ಕನ್ನಡಕವಿದ್ದರೆ ಉತ್ತಮ. ತಂತಿಹಗ್ಗವನ್ನು ಬರಿಗೈಯಿಂದ ಸವರಿ ನೋಡುವುದು ತಪ್ಪು. ಅರಿವೆಯಿಂದ ಸವರಿದರೆ ಕಡಿದ ಎಳೆ ಅರಿವೆಗೆ ಸಿಕ್ಕಿಕೊಂಡು ತಾನಾಗಿ ತಿಳಿಸುತ್ತದೆ. ಅರಿವೆಗೂ ಯಂತ್ರಕ್ಕೂ ಸಲ್ಲುವ ಸಂಬಂಧವೆಂದರೆ ಅದೊಂದೇ. ಉರುಳೆಯ ಮೇಲೆ ಯಾವಾಗಲೂ ಕಡೆಯ ಎರಡು ಮೂರು ಸುತ್ತು ಉಳಿದಿರಬೇಕು, ಕಂಬದ ಮುದುಕನ ಲೆಕ್ಕ ಇಲ್ಲಿಯೂ ಸಲ್ಲುತ್ತದೆ. ನಾಲಗೆಯ ಕೀಲಿಗೆ ಎಣ್ಣೆ ಬಿಡಬಹುದು. ಹಲ್ಲು ಸವೆದಿದ್ದರೆ ಚಕ್ರವನ್ನೇ ಬದಲಿಸಬೇಕು.

ಇದನ್ನೆಲ್ಲ ಆ ತರುಣನಿಗೆ ಪ್ರಸಾದವಾದ ಮೇಲೆ ಬೇಲಿಯ ಬಳಿ ಕೂತು ಹೇಳಿದೆವು. ಬಾವಿಯ ಕಥೆಯನ್ನೂ ಹೇಳಿದೆವು. ಅವನು ಯಂತ್ರವನ್ನು ಮಗುಚಿ ನಾಲಗೆಯನ್ನು ಬೆರಳಿನಿಂದ ಎತ್ತಿ ಬಿಟ್ಟು ನೋಡಿದನು, ಎರಡು ಹಲ್ಲು ಮೊಂಡಾಗಿದ್ದವು. ಮರುದಿನ ಗೋಕಾಕದ ಪೇಟೆಗೆ ಹೋದಾಗ ಹೊಸದನ್ನು ತರುವೆನೆಂದು ಹೇಳಿ, ಅಂದಿನ ಮಟ್ಟಿಗೆ ತಂತಿಯನ್ನು ಸಡಿಲ ಮಾಡಿ ಕಂಬಕ್ಕೆ ಸುತ್ತಿಟ್ಟನು.