ಹೊರೆ ಹೊತ್ತ ಸೈಕಲ್ಲು ಬೆಟ್ಟ ಏರುವ ಬಗೆ

ಅಂತಿಮ ಬಿ.ಎ. ವಿದ್ಯಾರ್ಥಿ

ಹಾಸಿಗೆ, ಗುಡಾರ, ಬುತ್ತಿ ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು ಹಿಮಾಲಯದ ಹಾದಿ ಹಿಡಿಯುವವರು ಇದ್ದಾರೆಂದರೆ ನಮ್ಮ ಕಡೆಯ ಹಿರಿಯರು ನಗುತ್ತಾರೆ. "ಬಸ್ಸಿಗೆ ರೊಕ್ಕ ಇಲ್ಲೇನು?" ಎಂದು ನನ್ನನ್ನೇ ಕೇಳಿದವರುಂಟು. ಆದರೆ ಈ ಹವ್ಯಾಸ ಇಂದು ನಿನ್ನೆಯದಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲೇರಿ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಲೋಕವನ್ನೇ ಸುತ್ತಿ 1928ರ ಮಾರ್ಚಿನಲ್ಲಿ ಮರಳಿದರು. 1963ರಲ್ಲಿ ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬ ಮಹಿಳೆ ಒಬ್ಬರೇ ಯುರೋಪಿನಿಂದ ದಿಲ್ಲಿಯವರೆಗೆ ಸೈಕಲ್ಲಿನ ಮೇಲೆ ಬಂದರು. ನಡುವೆ ನಾಲ್ಕು ಸಾವಿರ ಮೀಟರಿಗೂ ಮಿಕ್ಕಿದ ಬಾಬೂಸರ್ ಕಣಿವೆಯನ್ನು ದಾಟಿದರು. ಗೇರುಗಳು ಒರಟು ದಾರಿಯಲ್ಲಿ ಕೆಡುವುವೆಂದು ಅವರು ಮೊದಲೇ ತೆಗೆಸಿಬಿಟ್ಟಿದ್ದರಂತೆ! ಏರು ಕಡಿದಾದಲ್ಲಿ ಇಳಿದು ತಳ್ಳುವುದೊಂದೇ ದಾರಿ. ಇಂದು ಇಂಥ ಪ್ರವಾಸಕ್ಕೆ 'ಬೈಕ್‌ಪ್ಯಾಕಿಂಗ್' ಎಂದು ಹೆಸರು ಬಂದಿದೆ. ಅದಕ್ಕೆಂದೇ ಹೊಲಿದ ಚೀಲಗಳು ಬಂದಿವೆ.

ನನಗೂ ನನ್ನ ಕೊಠಡಿಯ ಮಿತ್ರನಿಗೂ ಮನಾಲಿಯಿಂದ ಲೇಹ್‌ವರೆಗೆ ಹೋಗಬೇಕೆಂಬ ಹಂಬಲ ಹುಟ್ಟಿ ಎರಡು ವರ್ಷವಾಯಿತು. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಹೈದರಾಬಾದಿನಲ್ಲಿ ಎರಡು ಹಳೆಯ ಗೇರು ಸೈಕಲ್ಲುಗಳನ್ನು ಕೊಂಡೆವು. ಆ ಹಣ ಬಿ.ಎಡ್.ಗೆ ಇರಲಿ ಎಂಬುದು ಮನೆಯವರ ಅಭಿಪ್ರಾಯ. ಅದು ತಪ್ಪೆಂದು ನಾನು ಹೇಳಲಾರೆ. ಹೇಗೂ ಇರಲಿ, ಕಳೆದ ಚಳಿಗಾಲದ ರಜೆಯಲ್ಲಿ ಪರೀಕ್ಷಾರ್ಥವಾಗಿ ಬೀದರದಿಂದ ಭಾಲ್ಕಿ, ಅಲ್ಲಿಂದ ಔರಾದ, ಔರಾದದಿಂದ ಮರಳಿ ಬೀದರ, ಹೀಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಸುತ್ತನ್ನು ಹಾಕಿದೆವು. ಬೀದರ ನಗರವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ, ಸುಮಾರು 2,200 ಅಡಿ ಎತ್ತರದಲ್ಲಿದೆ. ಆದುದರಿಂದ ಊರು ಬಿಡುವಾಗ ಇಳಿಜಾರು, ಊರು ಸೇರುವಾಗ ಏರು. ಹಿಮಾಲಯದ ಮುಂದೆ ಇದು ಹೊಸ್ತಿಲಿನಷ್ಟೂ ಅಲ್ಲ. ಆದರೂ ತಪ್ಪು ತೋರಿಸಿಕೊಡಲು ಸಾಕಾಯಿತು.

ನಾವು ಎಲ್ಲ ಸಾಮಾನನ್ನೂ ಹಿಂದಿನ ಕ್ಯಾರಿಯರಿಗೆ ಹೇರಿದ್ದೆವು. ಬೀದರದ ದಿಬ್ಬ ಇಳಿಯುವಾಗ ವೇಗ ಏರಿದಂತೆ ಹ್ಯಾಂಡಲು ತಾನೇ ನಡುಗತೊಡಗಿತು. ನನ್ನ ಮಿತ್ರ ಬಿದ್ದು ಮೊಣಕಾಲು ತರಚಿಕೊಂಡ. ಸಂಜೆ ಭಾಲ್ಕಿಯ ಹತ್ತಿರದ ನಮ್ಮ ಹಳ್ಳಿಯನ್ನು ಸೇರಿದಾಗ ಅಪ್ಪ ಅವನ ಮೊಣಕಾಲಿಗಿಂತ ಮೊದಲು ಸೈಕಲ್ಲನ್ನು ನೋಡಿದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತಂದೆ ಶಾಲೆ ಕಂಡವರಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಸುಕಿನಲ್ಲಿ ಎದ್ದು, ಸೈಕಲ್ಲಿಗೆ ಹಾಲಿನ ಕ್ಯಾನುಗಳನ್ನು ಕಟ್ಟಿ ಭಾಲ್ಕಿಗೆ ಒಯ್ದು ಮಾರಿದವರು. ಎಂಟನೆಯ ತರಗತಿಯಲ್ಲಿ ನನಗೆ ಸರಕಾರದ ಸೈಕಲ್ಲು ಸಿಕ್ಕಾಗ, ಅವರ ಸೈಕಲ್ಲಿನ ಪಕ್ಕದಲ್ಲಿ ಅದನ್ನು ನಿಲ್ಲಿಸಲು ನಾಚುತ್ತಿದ್ದೆ. ಆ ಸಂಜೆ ಅವರು ನಮ್ಮ ಕ್ಯಾರಿಯರನ್ನು ಮುಟ್ಟಿ ನೋಡಿ, "ತಮ್ಮಾ, ಭಾರ ಎಲ್ಲಾ ಹಿಂದ ಹಾಕೀದಿ. ಇಳುಕಿನಾಗ ನಡಗತದ, ಏರಿನಾಗ ಮುಂದಿನ ಗಾಲಿ ತಲಿ ಎತ್ತತದ" ಎಂದರು. ಬೈಕ್‌ಪ್ಯಾಕಿಂಗಿನ ಬಗೆಗೆ ನಾನು ತಿಂಗಳುಗಟ್ಟಲೆ ಓದಿದ್ದೆಲ್ಲ ಆ ಎರಡು ವಾಕ್ಯಗಳಲ್ಲಿ ಇತ್ತು.

ಭಾರವಾದ ವಸ್ತುಗಳು, ಎಂದರೆ ನೀರು, ಉಪಕರಣ, ಆಹಾರ, ಸೈಕಲ್ಲಿನ ಚೌಕಟ್ಟಿನ ತ್ರಿಕೋನದೊಳಗೆ, ಪೆಡಲಿನ ಹತ್ತಿರಕ್ಕೆ, ಕೆಳಗೆ ಇರಬೇಕು. ಹ್ಯಾಂಡಲಿಗೆ ಗಾತ್ರ ದೊಡ್ಡದಾದರೂ ತೂಕ ಕಡಿಮೆಯಿರುವ ಹಾಸಿಗೆಯ ಸುರುಳಿ. ಸೀಟಿನ ಹಿಂದಿನ ಚೀಲದಲ್ಲಿ ಬಟ್ಟೆ. ಎರಡೂ ಬದಿಗೆ ಕ್ಯಾನುಗಳಂತೆ ತೂಗುವ ಚೀಲಗಳು ಡಾಂಬರು ರಸ್ತೆಗೆ ಸರಿ. ಕಾಲುದಾರಿಯಲ್ಲಿ ಅವು ಬಂಡೆಗೆ ತಾಗುತ್ತವೆ, ಕುಲುಕಾಟಕ್ಕೆ ಕ್ಯಾರಿಯರಿನ ಮೊಳೆಗಳು ಸಡಿಲುತ್ತವೆ. ಇನ್ನೊಂದು ಸೂಕ್ಷ್ಮವನ್ನು ನಾನು ಎಲ್ಲಿಯೂ ಓದಿರಲಿಲ್ಲ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ ಸೈಕಲ್ಲನ್ನೇ ಎಳೆದಾಡುತ್ತದೆ, ತುಂಬಿದ ಕ್ಯಾನು ಸುಮ್ಮನಿರುತ್ತದೆ. ನೀರಿನ ಚೀಲಕ್ಕೂ ಇದೇ ನ್ಯಾಯ. ಗಾಳಿಯನ್ನು ಹಿಂಡಿ ತೆಗೆದು ಮುಚ್ಚಬೇಕು. ಕಟ್ಟುವುದಕ್ಕೆ ಹಳೆಯ ಟ್ಯೂಬನ್ನು ಕತ್ತರಿಸಿದ ಪಟ್ಟಿಗಿಂತ ಒಳ್ಳೆಯದಿಲ್ಲ. ಅಂಗಡಿಯ ಪಟ್ಟಿಗಳಿಗೆ ಬೆಲೆ ಬಹಳ.

ಗೇರಿನ ವಿಷಯಕ್ಕೆ ಬರೋಣ. ನಮ್ಮ ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಐದು ಮೀಟರಿಗೂ ಮಿಕ್ಕಿ ಮುಂದೆ ಹೋಗುತ್ತದೆ. ಬೆಟ್ಟದ ಸೈಕಲ್ಲಿನಲ್ಲಿ ಮುಂದೆ 22, ಹಿಂದೆ 34 ಹಲ್ಲುಗಳಿಗೆ ಚೈನನ್ನು ಹಾಕಿದರೆ ಅದೇ ಒಂದು ಸುತ್ತಿಗೆ ಒಂದೂವರೆ ಮೀಟರು ಹೋದರೆ ಹೆಚ್ಚು. ಗೇರು ಶ್ರಮವನ್ನು ಕಡಿಮೆ ಮಾಡುವುದೆಂಬುದು ತಪ್ಪು ಕಲ್ಪನೆ. ಸಾಲ ಅಷ್ಟೇ ಇರುತ್ತದೆ, ಕಂತು ಸಣ್ಣದಾಗುತ್ತದೆ. ನಡೆಯುವವನಷ್ಟೇ ನಿಧಾನವಾಗಿ ಹೋಗುತ್ತೇವೆ, ಆದರೆ ಕುಳಿತೇ ಹೋಗುತ್ತೇವೆ. ಮರಳುವಾಗ ಕೌಠಾದ ಹತ್ತಿರ ಮಾಂಜ್ರಾ ನದಿಯನ್ನು ದಾಟಿ, ಜನವಾಡದ ಮೇಲಿಂದ ಬೀದರಕ್ಕೆ ಬರುವ ಏರನ್ನು ನಾವು ಹಾಗೆಯೇ, ಒಮ್ಮೆಯೂ ಇಳಿಯದೆ ಏರಿದೆವು.

ಭಾರವನ್ನೂ ಗೇರನ್ನೂ ಹೀಗೆ ನಮ್ಮೂರಿನಲ್ಲಿಯೇ ಕಲಿಯಬಹುದು. ಕಲಿಯಲಾಗದ್ದು ಗಾಳಿ. ಮನಾಲಿ ಸುಮಾರು 2,050 ಮೀಟರು ಎತ್ತರದಲ್ಲಿದೆ, ಅಂದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತಲೂ (1,930 ಮೀ.) ಮೇಲೆ. ನಮ್ಮ ರಾಜ್ಯದ ತುದಿ ಎಲ್ಲಿ ಮುಗಿಯುವುದೋ ಅದರ ಮೇಲಿಂದ ಆ ದಾರಿ ಆರಂಭವಾಗುತ್ತದೆ. 51 ಕಿಲೋಮೀಟರಿನಲ್ಲಿ ರೋಹತಾಂಗ್ (3,978 ಮೀ.), ಮುಂದೆ ಬಾರಾಲಾಚಾ, ಲಾಚುಂಗ್, ಕೊನೆಗೆ 5,328 ಮೀಟರಿನ ತಂಗ್‌ಲಾಂಗ್ ಲಾ. 'ಲಾ' ಎಂದರೆ ಲಡಾಖಿನ ಮಾತಿನಲ್ಲಿ ಬೆಟ್ಟ ದಾಟುವ ಕಣಿವೆ. ಅಲ್ಲಿಯ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ನೂರಕ್ಕೆ 21ರಷ್ಟೇ. ಆದರೆ ವಾಯುಭಾರ ಸಮುದ್ರ ಮಟ್ಟದ ಅರ್ಧದಷ್ಟು ಮಾತ್ರ. ಉಸಿರೊಂದಕ್ಕೆ ಸಿಗುವುದೂ ಅರ್ಧವೇ. ಕಾಲಿನ ಬಲ ಇದಕ್ಕೆ ಉತ್ತರವಲ್ಲ. ಗಟ್ಟಿಮುಟ್ಟಾದ ತರುಣನು ಬೇಗ ಏರುವುದರಿಂದ ಅವನೇ ಬೇಗ ಕಾಯಿಲೆ ಬೀಳಬಹುದು.

ಅನ್ನದ ವಿಷಯವೂ ಇದಕ್ಕೇ ಸೇರಿದ್ದು. ಸುಮಾರು 4,290 ಮೀಟರಿನ ಸರ್ಚುವಿನಲ್ಲಿ ನೀರು 86 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ. ಪೇಟೆಯಲ್ಲಿ ಇದಕ್ಕಾಗಿ ಒಣಗಿಸಿದ ಊಟದ ಪೊಟ್ಟಣಗಳು ಸಿಗುತ್ತವೆ. ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅದಕ್ಕೇನು ಕಡಿಮೆ? ಹಗುರ, ಕೆಡುವುದಿಲ್ಲ, ಒಲೆಯೂ ಬೇಡ. ಮುರಿದರೂ ರುಚಿ ಹೋಗದು! ಹೊಳೆಗಳ ಬಗ್ಗೆಯೂ ಎಚ್ಚರ ಬೇಕು. ಸ್ಪಿತಿಯ ಕುಂಜುಂ ಕಡೆಯ ಕಲ್ಲು ದಾರಿಯನ್ನು ಹಿಮದ ಹೊಳೆಗಳು ಅಡ್ಡ ಹಾಯುತ್ತವೆ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ, ಮುಂಜಾನೆಯೇ ದಾಟಬೇಕು.

ಔರಾದಿಗೆ ಹೊರಡುವ ಮುನ್ನ ಅಪ್ಪ ಒಂದು ಪ್ರಶ್ನೆ ಕೇಳಿದರು. "ಅಲ್ಲಿ ಗಾಳಿ ಕಮ್ಮಿ ಅಂತಿ. ಮೈಗೆ ಕಮ್ಮಿ ಬಿತ್ತಂತ ಗೊತ್ತಾಗೋದು ಹ್ಯಾಂಗ?"

ನಾನು ಓದಿದ್ದನ್ನು ಹೇಳಿದೆ. ಮೊದಲು ತಲೆನೋವು, ಓಕರಿಕೆ, ನಿದ್ದೆ ಬಾರದಿರುವುದು. ಆಗ ಮೇಲೆ ಹೋಗದೆ ಅಲ್ಲಿಯೇ ನಿಲ್ಲಬೇಕು. ಕುಳಿತಾಗಲೂ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಕಂಡರೆ, ಕುಡಿದವನಂತೆ ಹೆಜ್ಜೆ ತಪ್ಪಿದರೆ, ಅದು ಪುಪ್ಪುಸಕ್ಕೋ ಮೆದುಳಿಗೋ ನೀರು ತುಂಬುತ್ತಿರುವ ಗುರುತು; ರಾತ್ರಿಯಾದರೂ ಕೂಡಲೇ ಕೆಳಗಿಳಿಸಬೇಕು. ಮೂರು ಸಾವಿರ ಮೀಟರು ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಆದುದರಿಂದಲೇ ಕೇಲಾಂಗ್, ಜಿಸ್ಪಾ, ಪಟ್ಸಿಯೋ ಎಂದು ಮೆಟ್ಟಿಲು ಮೆಟ್ಟಿಲಾಗಿ ತಂಗಬೇಕು. 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ವಾಹನಗಳವರು ಬಲು ಬೇಗ ಮೇಲೇರಿಬಿಡುತ್ತಾರೆ. ಈ ಒಂದು ವಿಷಯದಲ್ಲಿ ಸೈಕಲ್ಲಿನ ನಿಧಾನವೇ ಲಾಭ. ಸರ್ಚುವಂತೂ ಎರಡು ಎತ್ತರದ ಕಣಿವೆಗಳ ನಡುವೆ ಸಿಕ್ಕಿದ ಬಯಲು. ಅಲ್ಲಿ ಕಾಯಿಲೆ ಬಿದ್ದರೆ ಕೆಳಗಿಳಿಯುವುದಕ್ಕೂ ಮೊದಲು ಮೇಲೇರಬೇಕು.

ಅಪ್ಪ ಎಲ್ಲವನ್ನೂ ಕೇಳಿ, ನಮ್ಮ ಚೀಲಗಳನ್ನು ಹೊರಸಿನ ಮೇಲೆ ಸುರುವಿ, ಎರಡು ದಪ್ಪ ಪುಸ್ತಕ, ಒಂದು ಜೊತೆ ಬೂಟು, ಒಂದು ಕಂಬಳಿಯನ್ನು ಬದಿಗಿಟ್ಟರು. ಉಳಿದದ್ದನ್ನು ತಾವೇ ಕಟ್ಟಿದರು. ಲೇಹ್ ದಾರಿ ತೆರೆಯುವುದು ಬೇಸಗೆಯಲ್ಲಿ, ನಮ್ಮ ಪರೀಕ್ಷೆ ಮುಗಿದ ಮೇಲೆ. ಯಾರಿಗೆ ಮೊದಲು ತಲೆನೋವು ಬಂದರೂ ಮುಚ್ಚಿಡದೆ ಹೇಳಬೇಕು, ಇಬ್ಬರೂ ಕೂಡಿಯೇ ಇಳಿಯಬೇಕು ಎಂದು ನಾನು ಮಾತು ಕೊಟ್ಟೆ. ಅಪ್ಪ ಅದನ್ನು ನನ್ನ ಮಿತ್ರನ ಬಾಯಿಂದಲೂ ಒಮ್ಮೆ ಹೇಳಿಸಿದರು.