ಒಡೆಯರು ಕೊಟ್ಟ ಮಣ್ಣು: ಬೆಂಗಳೂರಿನ ಯೆಹೂದಿ ರುದ್ರಭೂಮಿ

ಗುಂಡ್ಲುಪೇಟೆಯಿಂದಲೋ ಚಾಮರಾಜನಗರದಿಂದಲೋ ಮೈಸೂರು ಮಾರ್ಗವಾಗಿ ರಾಜಧಾನಿಗೆ ಬರುವ ಪ್ರಯಾಣಿಕರಿಗೆ ಮೈಸೂರು ರಸ್ತೆಯ ವಾಹನದಟ್ಟಣೆ ಚಿರಪರಿಚಿತ. ಆದರೆ ಗೋರಿಪಾಳ್ಯದ ಆಸುಪಾಸಿನಲ್ಲಿ, ಅದೇ ರಸ್ತೆಯ ಬದಿಯಲ್ಲಿ, ಜಗತ್ತಿನ ಅತಿ ಪ್ರಾಚೀನ ಧರ್ಮಗಳಲ್ಲೊಂದರ ಅನುಯಾಯಿಗಳು ಚಿರನಿದ್ರೆಯಲ್ಲಿರುವ ತಾಣವಿದೆ ಎಂಬುದು ಎಷ್ಟು ಜನರಿಗೆ ಗೊತ್ತು? ಕನ್ನಡ ಫಲಕಗಳ ನಡುವೆ ಹೀಬ್ರೂ ಅಕ್ಷರಗಳನ್ನು ಹೊತ್ತ ಶಿಲೆಗಳು! ಐವತ್ತಕ್ಕೂ ಹೆಚ್ಚು ಸಮಾಧಿಗಳಿರುವ ಈ ಪುಟ್ಟ ಆವರಣವೇ ಬೆಂಗಳೂರಿನ ಯೆಹೂದಿ ರುದ್ರಭೂಮಿ.

ಇದರ ಉಗಮ 1904ರಲ್ಲಿ. ಯೆಹೂದಿ ಪಂಚಾಂಗದ ಲೆಕ್ಕದಲ್ಲಿ ಅದು 5664–65ನೆಯ ವರ್ಷ. ಭೂಮಿಯನ್ನು ದಾನವಾಗಿತ್ತವರು ನಾಲ್ವಡಿ ಕೃಷ್ಣರಾಜ ಒಡೆಯರು. ರಾಜ್ಯಾಧಿಕಾರ ವಹಿಸಿಕೊಂಡು ಆಗಿನ್ನೂ ಎರಡೇ ವರ್ಷ, ಇಪ್ಪತ್ತರ ಹರೆಯ. ಅಗಲಿದವರ ಸ್ಮರಣೆಗೆ ನೆಲ ಮೀಸಲಿಡುವುದು ಈ ರಾಜಮನೆತನಕ್ಕೆ ಹೊಸತಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ದೇಗುಲವೆತ್ತಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನನ್ನು ಪ್ರತಿಷ್ಠಾಪಿಸಿದರು. ಅವೆಲ್ಲ ಹೆತ್ತವರ ಋಣ. ನಾಲ್ವಡಿಯವರ ದಾನವಾದರೋ ರಕ್ತಸಂಬಂಧವಿಲ್ಲದ, ಸ್ವಮತದವರೂ ಅಲ್ಲದ ಬೆರಳೆಣಿಕೆಯ ಪ್ರಜೆಗಳಿಗೆ ಸಂದದ್ದು. ನನ್ನ ದೃಷ್ಟಿಯಲ್ಲಿ ಇದರ ತೂಕ ಹೆಚ್ಚು.

ಇಲ್ಲಿ ಮೊದಲಿಗೆ ಮಣ್ಣಾದವರು ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್ಕರ್. ಹೆಸರಿನಲ್ಲೇ ಒಂದು ಚರಿತ್ರೆ ಅಡಗಿದೆ: ಮೊದಲರ್ಧ ಬೈಬಲಿನದು, ಉತ್ತರಾರ್ಧ ಕೊಂಕಣ ಕರಾವಳಿಯ ನಾಗಾವ್ ಗ್ರಾಮದ್ದು. ನಾಗಾವ್ಕರರು ಸೇರಿದ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯ ಕೊಂಕಣದಲ್ಲಿ ಶತಮಾನಗಳ ಕಾಲ ಗಾಣದ ಎಣ್ಣೆ ತೆಗೆಯುತ್ತಿತ್ತು. ಸಬ್ಬತ್ ದಿನವಾದ ಶನಿವಾರ ಗಾಣ ಹೂಡದಿದ್ದುದರಿಂದ ಊರವರು ಅವರನ್ನು 'ಶನಿವಾರದ ತೇಲಿ'ಗಳೆಂದೇ ಕರೆದರು. ಬ್ರಿಟಿಷರ ಕಾಲದಲ್ಲಿ ಅನೇಕರು ಸೈನ್ಯ ಸೇರಿದರು. 1809ರಲ್ಲಿ ಸ್ಥಾಪಿತವಾದ ಬೆಂಗಳೂರು ದಂಡು ಪ್ರದೇಶ ಇಂಥ ಸೈನಿಕರಿಗೂ, ವರ್ತಕರಿಗೂ ಆಶ್ರಯವಾಯಿತು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ಪ್ರಖ್ಯಾತ ಮಳಿಗೆ ನಡೆಸುತ್ತಿದ್ದ ರೂಬಿನ್ ಮೋಸೆಸ್ ಆ ವರ್ತಕರಲ್ಲಿ ಅಗ್ರಗಣ್ಯರು. ಅವರ ಮನೆಯೇ ಸಮುದಾಯದ ಪ್ರಾರ್ಥನಾಲಯವಾಗಿತ್ತು.

ಕನ್ನಡನಾಡಿಗೂ ಯೆಹೂದಿಯರಿಗೂ ಇರುವ ನಂಟು ದಂಡು ಪ್ರದೇಶಕ್ಕಿಂತ ಬಹಳ ಹಳೆಯದು. ಟ್ಯುನೀಸಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲೇ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳನ್ನು ಮಾಡಿಸಿ ಏಡನ್‌ಗೆ ಸಾಗಿಸುತ್ತಿದ್ದ. ಅವನ ಪತ್ರವ್ಯವಹಾರ ಕೈರೋದ ಸಿನಗಾಗಿನ ಉಗ್ರಾಣದಲ್ಲಿ ಉಳಿದು ಬಂದದ್ದೇ ಸೋಜಿಗ. ಇತ್ತ, ಹಿಟ್ಲರನ ಜರ್ಮನಿ ತೊರೆದ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಭಾರತೀಯ ವಿಜ್ಞಾನ ಸಂಸ್ಥೆಯ ಕಟ್ಟಡಗಳಿಗೆ ರೂಪ ಕೊಟ್ಟರು. ಸಂಸ್ಥಾನ ಸತ್ತವರಿಗಷ್ಟೇ ಅಲ್ಲ, ಬದುಕಿ ಬಂದವರಿಗೂ ಜಾಗ ಕೊಟ್ಟಿತ್ತು.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ ಭಾರತದ ಬಹುಪಾಲು ಯೆಹೂದಿ ಕುಟುಂಬಗಳು ಅತ್ತ ವಲಸೆ ಹೋದವು. ಬೆಂಗಳೂರಿನಲ್ಲೂ ಉಳಿದವರು ಕೆಲವೇ ಮಂದಿ. ಸಮಾಧಿಗೆ ಬಂದ ಬಂಧುಗಳು ಹೂವಿನ ಬದಲು ಸಣ್ಣ ಕಲ್ಲೊಂದನ್ನು ಇಟ್ಟು ಹೋಗುವುದು ಯೆಹೂದಿ ಪದ್ಧತಿ; ಅದಕ್ಕೆ ಒಬ್ಬರಾದರೂ ಸಾಕು. ಮೃತರಿಗಾಗಿ 'ಕದ್ದಿಶ್' ಪ್ರಾರ್ಥನೆ ಪಠಿಸಲು ಮಾತ್ರ ಸಂಪ್ರದಾಯದ ಪ್ರಕಾರ ಹತ್ತು ಮಂದಿ ವಯಸ್ಕ ಪುರುಷರು ಕೂಡಬೇಕು. ಇಷ್ಟು ಸಣ್ಣ ಸಮುದಾಯದಲ್ಲಿ ಆ ಹತ್ತರ ಸಂಖ್ಯೆ ತುಂಬಿಸುವುದೇ ಈಗಿನ ಕಷ್ಟ.